ತೂತಕ್ಕ ರಜೆ ಹಾಕಿದ ವಾರ

ನೀರಿನ ನಲ್ಲಿ, ಬಾಗಿಲ ಹಿಡಿಕೆಗಳಿಗೆ ಹೊಳಪಿನ ಲೇಪ ಕೊಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ತೂತಕ್ಕ ಅಂತಲೇ. ಕ್ರೋಮ್ ಆಸಿಡ್ ತುಂಬಿ ಬಂದ ನೀಲಿ ಡ್ರಮ್ಮು ಖಾಲಿಯಾದರೆ ಮೂರು ಸಲ ತೊಳೆದು, ತೊಳೆದ ನೀರನ್ನು ಲೇಪದ ತೊಟ್ಟಿಗೇ ಸುರಿದು, ಮತ್ತೆ ಯಾರೂ ಅದರಲ್ಲಿ ನೀರು ತುಂಬಿಸದ ಹಾಗೆ ತಳಕ್ಕೆ ನಾಲ್ಕು ತೂತು ಕೊರೆಯುವುದು ಹದಿನಾಲ್ಕು ವರ್ಷದಿಂದ ಅವಳ ಕೆಲಸ.

"ಒಳ್ಳೇ ಡ್ರಮ್ಮು ಹಾಳು ಮಾಡ್ತೀಯಲ್ಲೇ, ಹೊಟ್ಟೆ ಉರಿಯುತ್ತೆ," ಅಂತ ಮೇಸ್ತ್ರಿ ಗೊಣಗುತ್ತಿದ್ದ.

"ನಿನ್ನೊಬ್ಬನ ಹೊಟ್ಟೆ ಉರಿದ್ರೆ ಸಾಕು, ಊರಿನವರದ್ದು ಬೇಡ ಅಂತಲೇ ಕೊರೆಯೋದು," ಅನ್ನುತ್ತಿದ್ದಳು.

ಮಗಳ ಹೆರಿಗೆಗೆ ಎಂಟು ದಿನ ರಜೆ ಹಾಕಿ ಬಂದವಳಿಗೆ ಆರು ಡ್ರಮ್ಮು ಕಾಣಲಿಲ್ಲ.

"ಗುಜರಿಯವನು ಕೇಳ್ದ, ಕೊಟ್ಟೆ. ನೀರು ಹಾಕಿ ಕುಲುಕಿದ್ದೀನಿ ಬಿಡು," ಅಂದ ಮೇಸ್ತ್ರಿ.

"ತೂತು?"

ಮೇಸ್ತ್ರಿ ತಲೆ ಕೆರೆದುಕೊಂಡ. ಅವಳು ಗುಜರಿ ಅಂಗಡಿಗೆ ಓಡಿದಳು.

ಗುಜರಿಯವನಿಗೆ ಕೊಂಡವರ ಮುಖ ನೆನಪಿತ್ತು, ಮನೆ ಗೊತ್ತಿರಲಿಲ್ಲ. ಪಾಳಿ ಮುಗಿಸಿ ಮೂರು ದಿನ ಬೀದಿ ಬೀದಿ ಅಲೆದಳು. ನಾಲ್ಕು ಸಿಕ್ಕವು, ಪುಣ್ಯಕ್ಕೆ ಯಾವುದರಲ್ಲೂ ನೀರಿರಲಿಲ್ಲ. ಐದನೆಯದು ಒಬ್ಬ ದರ್ಜಿಯ ಬಚ್ಚಲಲ್ಲಿ ಅರ್ಧ ತುಂಬಿ ನಿಂತಿತ್ತು. ನೀರು ತೆಳು ಹಳದಿ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ದರ್ಜಿಯ ತಾಯಿಯ ಬೆರಳ ಸಂದಿಯಲ್ಲೆಲ್ಲ ಗುಂಡು ಗುಂಡು ಹುಣ್ಣು.

"ಹೊಸ ಸೋಪು ಆಗಿಬರಲಿಲ್ಲ ಕಣಮ್ಮ," ಅಂದಿತು ಮುದುಕಿ.

"ಸೋಪಲ್ಲ ಅಜ್ಜಿ. ಈ ನೀರು ಕುಡಿದಿದ್ದೀರಾ?"

"ಇಲ್ಲಮ್ಮ, ಕುಡಿಯೋಕೆ ಕೊಡ ಇದೆ."

ವಿಷಯ ಕೇಳಿದ ದರ್ಜಿ ಗಾಬರಿಬಿದ್ದು ಡ್ರಮ್ಮು ಉರುಳಿಸಲು ಹೋದ. ಅವಳು ಅಡ್ಡ ನಿಂತಳು. "ಚೆಲ್ಲಬೇಡಿ! ಚರಂಡಿಗೆ ಬಿಟ್ರೆ ಮುಂದಿನ ಬೀದಿಯವರ ಗತಿ?" ಡ್ರಮ್ಮಿಗೆ ಅಂಟಿಸಿದ್ದ ಆಸಿಡ್ ಹೆಸರಿನ ಚೀಟಿ ಕಿತ್ತು, ಡಾಕ್ಟರಿಗೆ ತೋರಿಸಿ ಅಂತ ಅವನ ಕೈಗಿಟ್ಟಳು. ಮುಚ್ಚಳ ಬಿಗಿದು, ನೀರಿನ ಸಮೇತ ಕೈಗಾಡಿಯಲ್ಲಿ ಕಾರ್ಖಾನೆಗೆ ತಳ್ಳಿಸಿಕೊಂಡು ಬಂದಳು.

ಮ್ಯಾನೇಜರ್ ಬಾಗಿಲು ಮುಚ್ಚಿ ಮಾತಾಡಿದ. "ಆರೂ ಸಿಕ್ಕವು ಅಂತ ಬರೆದು ಸಹಿ ಹಾಕು. ಗದ್ದಲ ಬೇಡ."

"ಸಿಕ್ಕಿದ್ದು ಐದು ಸಾರ್."

"ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್," ಅಂದಳು. ಆದರೂ ಐದು ಅಂತಲೇ ಬರೆದಳು. ಮರುದಿನ ನಗರಸಭೆಯ ಆರೋಗ್ಯ ಕಚೇರಿಗೆ ತಾನೇ ಹೋಗಿ ಹೇಳಿಬಂದಳು. ಅವರು ಎರಡು ದಿನ ಬೀದಿಗಳಲ್ಲಿ ಮೈಕು ಹಿಡಿದು, ಗುಜರಿಯ ನೀಲಿ ಡ್ರಮ್ಮಿನ ನೀರು ಬಳಸಬೇಡಿ ಅಂತ ಸಾರಿದರು. ಕಾರ್ಖಾನೆ ಅವಳನ್ನು ಪ್ಯಾಕಿಂಗ್ ವಿಭಾಗಕ್ಕೆ ಎತ್ತಿಹಾಕಿತು.

ಮುದುಕಿಯ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಆರನೆಯ ಡ್ರಮ್ಮು ಸಿಗಲೇ ಇಲ್ಲ.

ಭಾನುವಾರ ಬಂತೆಂದರೆ ಈಗಲೂ ಅವಳು ನೋಡದ ಒಂದು ಬೀದಿ ಹಿಡಿದು ಹೊರಡುತ್ತಾಳೆ. "ನೀರು ಯಾವುದರಲ್ಲಿ ತುಂಬಿಸ್ತೀರಿ ತಾಯಿ?" ಅಂತ ಮನೆಮನೆಯಲ್ಲೂ ಕೇಳುತ್ತಾಳೆ. ಕೆಲವರು ಒಳಗೆ ಕರೆದು ತೋರಿಸುತ್ತಾರೆ. ಕೆಲವರು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಳ್ಳುತ್ತಾರೆ.