ಪತಿಯ ಹೆಸರು: ಮನೆಯವರು

ಅಮ್ಮನ ವೋಟರ್ ಕಾರ್ಡಿನಲ್ಲಿ ಗಂಡನ ಹೆಸರಿರಬೇಕಾದ ಕಡೆ ‘ಮನೆಯವರು’ ಎಂದು ಅಚ್ಚಾಗಿದೆ. ಬಹಳ ಹಿಂದೆ ಪಟ್ಟಿ ಬರೆಯಲು ಬಂದವರು, ನಿಮ್ಮ ಗಂಡನ ಹೆಸರೇನು ಎಂದು ಕೇಳಿದ್ದಾರೆ. ಅಮ್ಮ ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜಿ ಹೆದರಿಸಿಟ್ಟಿದ್ದರು. “ನಮ್ಮನೆಯವರು” ಅಂದಳಂತೆ. ಬಂದವರಿಗೂ ಅವಸರವಿತ್ತೇನೋ, ಹಾಗೇ ಬರೆದುಕೊಂಡು ಪಕ್ಕದ ಮನೆಗೆ ಹೋದರು. ಆ ಕಾರ್ಡು ಹಿಡಿದು ಅಮ್ಮ ವಿಜಯನಗರದ ಮತಗಟ್ಟೆಯಲ್ಲಿ ಎಷ್ಟೋ ಸಲ ವೋಟು ಹಾಕಿದ್ದಾಳೆ. ಯಾರೂ ತಕರಾರು ಮಾಡಲಿಲ್ಲ.

ನಗುವ ಹಕ್ಕು ನನಗಿಲ್ಲ. ರಾಜಾಜಿನಗರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಸಂವಿಧಾನವು ಜಾತಿ, ಓದು, ಆಸ್ತಿ, ಗಂಡು, ಹೆಣ್ಣು ಎಂದು ನೋಡದೆ ಎಲ್ಲ ವಯಸ್ಕರಿಗೂ ಒಟ್ಟಿಗೇ ಮತ ಕೊಟ್ಟಿತು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಮೊದಲ ಚುನಾವಣೆಯ ಹೊತ್ತಿಗೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಹೇಳಿ ಪಟ್ಟಿಯಿಂದ ಹೊರಬಿದ್ದರು ಎಂದೂ ಹೇಳುತ್ತೇನೆ. ಮಕ್ಕಳು ನಗುತ್ತಾರೆ. ಪಾಪ, ಹಿಂದಿನ ಕಾಲ, ಎಂದು ನಾನೂ ಸೇರಿಸುತ್ತೇನೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಕನ್ನಡ ಮೇಷ್ಟ್ರ ಪಾಲಿಗೆ ಬಿಟ್ಟಿದ್ದೇನೆ.

ಸಂವಿಧಾನದ ಅರವತ್ತೊಂದನೇ ತಿದ್ದುಪಡಿ ಕಲಿಸುವಾಗ ಮಾತ್ರ ಇವತ್ತಿಗೂ ಸಿಟ್ಟು ಬರುತ್ತದೆ. ನನಗೆ ಹದಿನೆಂಟು ತುಂಬಿದಾಗ ಅಪ್ಪ ಒಂದು ಗಂಡು ನೋಡಿಕೊಂಡು ಬಂದರು. ಸಂಸಾರ ನಡೆಸುವಷ್ಟು ಬುದ್ಧಿ ಬಂದಿದೆ ಅಂದರು. ಕಾನೂನಿಗೂ ಹದಿನೆಂಟು ಸಾಕಿತ್ತು. ವೋಟಿಗೆ ಮಾತ್ರ ಇಪ್ಪತ್ತೊಂದು ಆಗಬೇಕಿತ್ತು. ಆ ಗಂಡು ಹೇಗೋ ತಪ್ಪಿಹೋಯಿತು. ಮುಂದಿನ ವರ್ಷ ತಿದ್ದುಪಡಿ ಬಂದು ವೋಟಿಗೂ ಹದಿನೆಂಟೇ ಸಾಕು ಎಂದಾಯಿತು.

“ಈ ವಯಸ್ಸಿನ ಹುಡುಗೀರಿಗೆ ಏನ್ ಗೊತ್ತಾಗುತ್ತೆ?” ಅಂದರು ಅಪ್ಪ. ಚುನಾವಣೆಯ ದಿನ ಬೆಳಿಗ್ಗೆ ನನಗೂ ಅಮ್ಮನಿಗೂ ಯಾವ ಗುರುತಿಗೆ ಒತ್ತಬೇಕೆಂದು ಹೇಳಿಕೊಟ್ಟು ಕಳಿಸಿದರು. ಇಬ್ಬರೂ ತಲೆಯಾಡಿಸಿದೆವು.

ಈಚೆಗೆ ಮತದಾರರ ಪಟ್ಟಿ ಪರಿಶೀಲನೆಗೆಂದು ಒಬ್ಬ ಅಂಗನವಾಡಿ ಟೀಚರ್ ಬಂದಿದ್ದರು. ನಾನೂ ಅವತ್ತು ವಿಜಯನಗರದಲ್ಲಿ ಅಮ್ಮನ ಮನೆಯಲ್ಲೇ ಇದ್ದೆ. ಅಮ್ಮನ ಕಾರ್ಡು ನೋಡಿ ಅವರು ನಗು ತಡೆದುಕೊಂಡರು.

“ಆಂಟಿ, ಮನೆಯವರು ಅಂತ ಹೆಸ್ರು ಇರಲ್ಲ. ಸರಿ ಮಾಡಿಸ್ಬೇಕು. ಇಲ್ದಿದ್ರೆ ಮುಂದೆ ಪಟ್ಟೀಲಿ ನಿಮ್ ಹೆಸ್ರೇ ಬಿಟ್ಟೋಗ್ಬೋದು.”

ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. “ಹೋದ್ರೆ ಹೋಗ್ಲಿ ಬಿಡಮ್ಮ. ನಾನ್ ಹಾಕ್ತೀನಲ್ಲ. ನಂದೂ ಇವ್ಳದೂ ಒಂದೇ.”

“ಒಂದೇ ಅಂತ ಯಾರ್ ಹೇಳಿದ್ದು?” ಅಂದಳು ಅಮ್ಮ.

ಪೇಪರ್ ಸ್ವಲ್ಪ ಕೆಳಗಿಳಿಯಿತು. “ಹಾಗಂದ್ರೆ?”

“ಹಾಗಂದ್ರೆ ಹಾಗೇ.”

ನನಗೆ ಖುಷಿಯಾಯಿತು. ಇಷ್ಟು ವರ್ಷ ಅಪ್ಪನೆದುರು ತಲೆಯಾಡಿಸಿ, ರಟ್ಟಿನ ಮರೆಗೆ ಹೋಗಿ ನನಗೆ ಬೇಕಾದ್ದಕ್ಕೆ ಒತ್ತಿ ಬರುತ್ತಿದ್ದ ಕಳ್ಳಿ ನಾನೊಬ್ಬಳೇ ಅಂದುಕೊಂಡಿದ್ದೆ.

“ಸರಿ, ಹಾಗಾದ್ರೆ ಅವ್ಳೇ ಹೇಳ್ಲಿ ನನ್ನ ಹೆಸ್ರು,” ಎಂದು ಅಪ್ಪ ಪೇಪರ್ ಮೇಲೆತ್ತಿದರು. ಗೆದ್ದೆ ಅಂದುಕೊಂಡಿರಬೇಕು. ನಾನೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ನೀನ್ ಸುಮ್ನಿರೇ. ನನ್ ವೋಟು.”

ಇನ್ನೊಂದು ಕೈಯಲ್ಲಿ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಹೇಳಿದಳು, ಇನಿಷಿಯಲ್ ಸಮೇತ, ಹಿಂದೆ ಮುಂದೆ ಗೌರವದ ಮಾತೊಂದೂ ಇಲ್ಲದೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಹೇಳಿದ್ದು ಅವಳು. ನನ್ನ ಐವತ್ತೈದು ವರ್ಷದಲ್ಲಿ ಅವಳ ಬಾಯಿಂದ ಅದನ್ನು ಕೇಳಿದ್ದು ಅದೇ ಮೊದಲು. ಟೀಚರ್ ತಲೆ ಬಗ್ಗಿಸಿ ಬರೆದುಕೊಂಡರು.

ಅಪ್ಪ ಪೇಪರ್ ಮಡಿಲಿಗೆ ಹಾಕಿಕೊಂಡು, ಕ್ಲಾಸಿನಲ್ಲಿ ಹಾಜರಿ ಕೂಗಿಸಿಕೊಂಡವರಂತೆ ನೆಟ್ಟಗೆ ಕೂತರು. “ಆಂ? ಏನು?”

“ನಿಮ್ಮನ್ನ ಕರೀಲಿಲ್ಲ ಕಣ್ರೀ,” ಅಂದಳು ಅಮ್ಮ. “ನನ್ ವೋಟಿಗೆ ಹೇಳ್ದೆ.”