ಗೊಂಬೆಯ ಬುಲಾವು

ನನ್ನ ವಯಸ್ಸಿನವರು ಸೇರಿದಲ್ಲೆಲ್ಲ ಹಳೆಯ ಟಿವಿಯ ಮಾತು ತೆಗೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ‘ಎಂಥ ಕ್ಲೀನ್ ಪ್ರೋಗ್ರಾಮ್ಸ್, ಎಂಥ ಇನ್ನೊಸೆನ್ಸ್’ ಎನ್ನುತ್ತಾರೆ. ನನಗೂ ಒಳಗೊಂದಿಷ್ಟು ಹಿಂಡುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ಇನ್ನೊಸೆನ್ಸನ್ನು ನಾನು ಎರಡು ಸಲ ನೋಡಿದ್ದೇನೆ, ಮೊದಲು ಟಿವಿಯಲ್ಲಿ, ಆಮೇಲೆ ವಿಡಿಯೋದಲ್ಲಿ. ಎರಡನೆಯ ಸಲ ನೋಡಬಾರದಿತ್ತು.

ಎಂಬತ್ತರ ದಶಕದ ಮೊದಲ ಅರ್ಧ. ಹಾನಗಲ್ಲಿನ ನಮ್ಮ ಓಣಿಗೆ ಮೊದಲು ಬಂದ ಟಿವಿ ನಮ್ಮ ಮನೆಯದು. ರವಿವಾರ ಬೆಳಿಗ್ಗೆ ಮಕ್ಕಳಿಗಾಗಿ ಒಂದು ಹಿಂದಿ ಗೊಂಬೆಯಾಟ ಬರುತ್ತಿತ್ತು. ಒಬ್ಬ ಮುದುಕಿ, ಉಣ್ಣೆಯ ಮೀಸೆಯ ಅವಳ ಮಗ, ಒಬ್ಬ ಸೊಸೆ. ಮಕ್ಕಳು ಐದು ನಿಮಿಷ ನೋಡಿ ಆಟಕ್ಕೆ ಓಡುತ್ತಿದ್ದವು. ಕೊನೆಯವರೆಗೂ ಕದಲದೆ ಕೂಡುತ್ತಿದ್ದವರು ನಮ್ಮ ಅತ್ತೆ. ಮಡಿಯಲ್ಲಿರುತ್ತಿದ್ದುದರಿಂದ ಟಿವಿಯಿಂದ ದೂರ, ಮಣೆಯ ಮೇಲೆ. ಗೊಂಬೆಗಳಿಗೆ ಮೈಲಿಗೆ ಉಂಟೋ ಇಲ್ಲವೋ, ಅವರು ರಿಸ್ಕ್ ತೆಗೆದುಕೊಳ್ಳುತ್ತಿರಲಿಲ್ಲ.

ಅವರಿಗೆ ಹಿಂದಿ ಬಾರದು. “ನೀ ಕಾನ್ವೆಂಟಿನಾಗ ಓದಿದಾಕಿ. ಏನಂತಾವ ಹೇಳವಾ” ಎನ್ನುತ್ತಿದ್ದರು. ಕಾನ್ವೆಂಟಿನಲ್ಲಿ ನಾನು ಕಲಿತದ್ದು ಇಂಗ್ಲಿಷು, ಕಸೂತಿ, ಮೊಣಕಾಲು ಜೋಡಿಸಿ ಕೂಡುವುದು. ಹಿಂದಿ ನನಗೂ ಅಷ್ಟಕ್ಕಷ್ಟೆ. ಆದರೆ ‘ಐ ಡೋಂಟ್ ನೋ’ ಎಂಬ ಮೂರು ಶಬ್ದಗಳನ್ನು ಮಾತ್ರ ಸಿಸ್ಟರುಗಳು ಕಲಿಸಲು ಮರೆತಿದ್ದರು.

ಆ ದಿನಗಳಲ್ಲೇ ತಿಳವಳ್ಳಿಯ ಹೈಸ್ಕೂಲಿನಿಂದ ನನಗೆ ಇಂಗ್ಲಿಷ್ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಅದು ಟ್ರಂಕಿನಲ್ಲಿ ಸೀರೆಯ ಕೆಳಗೆ ಮಲಗಿತ್ತು. ನಮ್ಮವರನ್ನು ಕೇಳಿದರೆ, “ಅವ್ವ ಹ್ಞೂಂ ಅಂದ್ರ ನಂದೇನೂ ಇಲ್ಲ” ಎಂದರು. ಇಷ್ಟಕ್ಕೇ ಊರಿನಲ್ಲಿ ಅವರಿಗೆ ‘ಪ್ರೋಗ್ರೆಸಿವ್’ ಎಂದು ಹೆಸರು.

ಒಂದು ರವಿವಾರ ಗೊಂಬೆ ಮುದುಕಿ ಸೌಟು ಎತ್ತಿ ಮಗನ ಮೇಲೆ ಒದರಿದಳು, “ಸಾಲಿ ಕೋ ಬುಲಾವ್, ಸಾಲಿ ಕೋ ಬುಲಾವ್!” ನಮ್ಮ ಕಡೆ ಸಾಲಿ ಎಂದರೆ ಶಾಲೆ. ಬುಲಾವು ಎಂದರೆ ಕರೆ, ಅದೂ ಎಲ್ಲರ ಬಾಯಲ್ಲಿದ್ದ ಮಾತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು, “ಸಾಲಿಂದ ಬುಲಾವು ಬಂದದ ಅಂತಾಳೇನು?”

ದೇವರಾಣೆ, ನನಗೂ ಹಾಗೆಯೇ ಅನ್ನಿಸಿತ್ತು. “ಹೌದ್ರಿ ಅತ್ಯಾರ, ಸೊಸಿಗೆ ಸಾಲಿಂದ ಬುಲಾವು ಬಂದದಂತ” ಎಂದೆ. ಅಲ್ಲಿಯವರೆಗೆ ಪ್ರಾಮಾಣಿಕ ತಪ್ಪು. ಮುಂದಿನದು ನನ್ನ ಸ್ವಂತ ಕಾಂಪೊಸಿಷನ್. “ಕಳಿಸು ಅಂತ ಮಗಗ ಬೈಯಾಕತ್ತಾಳ. ಕಲ್ತ ಸೊಸಿನ್ನ ಒಲಿ ಮುಂದ ಕುಂದರಿಸಿದ್ರ ಮಂದಿ ನಗತಾರಂತ.”

ಮುಂದಿನ ರವಿವಾರಗಳಲ್ಲೂ ಮುದುಕಿ ಸೌಟು ಎತ್ತಿದಾಗಲೆಲ್ಲ ಸ್ತ್ರೀವಿದ್ಯೆಯ ಬಗ್ಗೆ ಭಾಷಣ ಮಾಡಿದಳು. ಕೊನೆಗೊಮ್ಮೆ ಅತ್ತೆ ಮಣೆಯಿಂದ ಎದ್ದರು. “ಆ ಕಟ್ಟಿಗಿ ಮುದುಕಿಗೆ ಇಷ್ಟು ಬುದ್ಧಿ ಅದ. ನನಗಿಲ್ಲಂತ ಮಂದಿ ಅನ್ನೂದು ಬ್ಯಾಡ. ನಾಳಿಂದ ಹೋಗು ನೀ.”

ಹೀಗೆ ನಾನು ತಿಳವಳ್ಳಿಯ ಬಸ್ಸು ಹತ್ತಿದೆ. ಆರು ವರ್ಷ ಹೋಗಿ ಬಂದೆ. ಆಮೇಲೆ ಶಿಗ್ಗಾವಿಗೆ ಹೆಡ್‌ಮಿಸ್ಟ್ರೆಸ್ ಎಂದು ಪ್ರಮೋಷನ್ ಬಂತು. ಸೋಮವಾರ ಹೋಗಿ ಅಲ್ಲೇ ಇದ್ದು ಶನಿವಾರ ಬರಬೇಕು. ಅತ್ತೆಯಿಂದ ಇನ್ನೊಂದು ಹ್ಞೂಂ ಬೇಕಾಗಿತ್ತು, ಹಿಂದಿನದಕ್ಕಿಂತ ದೊಡ್ಡದು. ನೇರವಾಗಿ ಕೇಳಲು ನನಗೆ ಧೈರ್ಯವಿಲ್ಲ. ಮತ್ತೆ ಆ ಮುದುಕಿಯಿಂದಲೇ ಹೇಳಿಸೋಣವೆಂದುಕೊಂಡೆ. ಸವಣೂರಿನ ನನ್ನ ನಾದಿನಿಯ ಮನೆಗೆ ವಿಸಿಆರ್ ಬಂದಿತ್ತು, ಗೊಂಬೆಯಾಟ ಮರುಪ್ರಸಾರವಾದಾಗ ಅವಳು ಟೇಪಿಗೆ ತುಂಬಿಸಿಟ್ಟಿದ್ದಳು. ಪತ್ರ ಬರೆದು ಕರೆಸಿದೆ. ವಿಸಿಆರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು, ಹನ್ನೆರಡು ವರ್ಷದ ಮಗಳ ಜೊತೆ ಬಂದಳು. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕೂಡಿಸಿದರು.

ಟೇಪು ಶುರುವಾಯಿತು. ಅಯ್ಯೋ, ಇದನ್ನೇ ನಾವು ಕಲೆ ಎಂದು ತಿಳಿದಿದ್ದೆವೇ? ಮಗನ ಮೀಸೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು. ಗೊಂಬೆಗಳ ಕೆಳಗೆ ಕರಿ ಕೈಗವಸು ತೊಟ್ಟ ಬೆರಳುಗಳು ಕಾಣುತ್ತಿದ್ದವು. ಮುದುಕಿಗೂ ಸೊಸೆಗೂ ಒಬ್ಬನೇ ಗಂಡಸು ದನಿ ಕೊಟ್ಟಿದ್ದ, ಅವನಿಗೆ ನೆಗಡಿ ಬೇರೆ. ಗೊಂಬೆಗಳ ಹಿಂದಿನ ಕಾಡೆಂದರೆ ಮಡಿಕೆಯ ಗೆರೆ ಹೋಗದ ಒಂದು ಪರದೆ.

ಮುದುಕಿ ಸೌಟು ಎತ್ತಿದಳು. ಅತ್ತೆ ಹೆಂಗಸರ ಕಡೆ ತಿರುಗಿ, “ಈಗ ಕೇಳ್ರಿ. ಸೊಸಿಗೆ ಸಾಲಿಂದ ಬುಲಾವು ಬಂದದ, ಕಳಿಸು ಅಂತಾಳ” ಎಂದರು.

ನಾದಿನಿಯ ಮಗಳು ಬಿದ್ದು ಬಿದ್ದು ನಕ್ಕಳು. ಸವಣೂರಿನ ಮಕ್ಕಳಿಗೆ ಉರ್ದು ಓಣಿಯಲ್ಲೇ ಬರುತ್ತದೆ. “ಅಜ್ಜಿ, ಸಾಲಿ ಅಂದ್ರ ಸ್ಕೂಲ್ ಅಲ್ಲ, ಹೆಂಡ್ತಿ ತಂಗಿ. ಲಾಡು ಕಟ್ಟಾಕ ನಿನ್ನ ಹೆಂಡ್ತಿ ತಂಗಿನ್ನ ಕರಿ ಅಂತ ಮಗಗ ಹೇಳಾಕತ್ತಾಳ.”

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತೆ ನನ್ನ ಕಡೆ ನೋಡಿದರು.

“ಲಾಡು ಕಟ್ಟಾಕ ಕರದ್ರ, ನಾ ನಿನ್ನ ತಿಳವಳ್ಳಿಗೆ ಕಳಿಸೇನಿ.”

“ಮೊದಲ ನನಗೂ ಹಂಗ ತಿಳದಿತ್ತ್ರಿ ಅತ್ಯಾರ.”

“ಆಮ್ಯಾಲಿಂದು?”

“ಆಮ್ಯಾಲಿಂದು ನಾನ ಕಟ್ಟಿದ್ದು.”

“ಲಾಡು ಒಮ್ಮೇನೂ ಇಷ್ಟು ಚಂದ ಕಟ್ಟಲಿಲ್ಲ ನೀ” ಎಂದರು. ವಿಸಿಆರಿನ ಕಡೆ ಕೈ ಮಾಡಿ ಕೇಳಿದರು, “ಈಗ ಈ ಡಬ್ಬಿ ಯಾಕ ತರಿಸೀದಿ? ಯಾವ ಊರಿಂದ ಬುಲಾವು ಬಂದದ?”

“ಶಿಗ್ಗಾವಿಯಿಂದ. ಸೋಮವಾರ ಹೋಗಿ ಶನಿವಾರ ಬರ್ತೇನಿ. ಗೊಂಬಿ ಅಲ್ರಿ, ನಾನ ಕೇಳಾಕತ್ತೇನಿ.”

“ಗೊಂಬಿ ಮಾತು ಬ್ಯಾರೆ. ನೀ ಕೇಳಿದ್ರ ನಾ ಒಲ್ಲೆ.” ಎದ್ದು ಮತ್ತೊಮ್ಮೆ ಸ್ನಾನಕ್ಕೆ ಹೋದರು.

ಒಂದು ವಾರ ಕಾಯ್ದೆ. ಅವರು ಕರಗಲಿಲ್ಲ. ನಮ್ಮ ಪ್ರೋಗ್ರೆಸಿವ್ ಮಹಾಶಯರು ಪೇಪರಿನ ಹಿಂದಿನಿಂದ ಹೊರಗೆ ಬರಲಿಲ್ಲ. ಸೋಮವಾರ ನಸುಕಿನಲ್ಲಿ ಮೂರು ಸೀರೆ, ಗ್ರಾಮರ್ ಪುಸ್ತಕ ಚೀಲಕ್ಕೆ ತುಂಬಿ, ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ನಮಸ್ಕಾರ ಮಾಡಿದೆ. ಅವರು ಮುಖ ಎತ್ತಲಿಲ್ಲ, ಕಾಲೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮೆಟ್ಟಿಲು ಇಳಿಯುವಾಗ ಎದುರು ಮನೆಯಾಕೆ ರಂಗೋಲಿ ಬಿಟ್ಟು ಕೇಳುವುದು ಕೇಳಿಸಿತು, “ಸೊಸಿನ್ನ ಶಿಗ್ಗಾವಿಗೂ ಕಳಿಸಿದ್ರೇನ್ರಿ?”

“ನಾ ಕಳಿಸಿಲ್ಲ” ಎಂದರು ಅತ್ತೆ. “ಅಕಿ ಹೊಂಟಾಳ.”

ಎಷ್ಟೋ ಮಕ್ಕಳಿಗೆ ಸಬ್ಜೆಕ್ಟ್ ಯಾವುದು, ಆಬ್ಜೆಕ್ಟ್ ಯಾವುದು ಎಂದು ಗೆರೆ ಎಳೆಸಿದ್ದೇನೆ. ಅತ್ತೆ ಮಂದಿಗೆ ಹೇಳಿದ ವಾಕ್ಯದಲ್ಲಿ ನಾನು ಸಬ್ಜೆಕ್ಟ್ ಆದದ್ದು ಅದೇ ಮೊದಲು. ತಿರುಗಿ ನೋಡಬೇಕೆನ್ನಿಸಿತು. ಬಸ್ಸು ತಪ್ಪೀತೆಂದು ನೋಡಲಿಲ್ಲ.