ಮುಂದಿನ ಸಾಲಿನವರಿಗೆ ಮೊದಲ ಸೂಜಿ

ಏಪ್ರಿಲ್ ಕೊನೆಯ ವಾರ. ಸಮುದ್ರದ ಮೇಲೆ ಬೆಳಕು ಇನ್ನೂ ಪೂರ್ತಿ ಬಿದ್ದಿಲ್ಲ. ಊರಿನ ಸಭಾಮನೆಯ ಅಡುಗೆಕೋಣೆಯಲ್ಲಿ ಅರಿಹಿಯಾ ಪೋಹಾಟು ಒಬ್ಬರೇ ನಿಂತು ಶೀತಪೆಟ್ಟಿಗೆಯ ಮುಚ್ಚಳ ತೆರೆಯುತ್ತಾರೆ, ಒಳಗಿನ ಉಷ್ಣಮಾಪಕವನ್ನು ನೋಡುತ್ತಾರೆ, ತಕ್ಷಣ ಮುಚ್ಚುತ್ತಾರೆ. ಬೆಂಚಿನ ಮೇಲೆ ಹತ್ತಿ, ಅಂಟುಪಟ್ಟಿ, ಬಳಸಿದ ಸೂಜಿ ಹಾಕುವ ಹಳದಿ ಡಬ್ಬಿ. ಒಲೆಯ ಮೇಲೆ ಚಹಾದ ನೀರು. ಇವತ್ತು ಊರಲ್ಲಿ ಯಾರೂ ಸತ್ತಿಲ್ಲ. ಅದಕ್ಕೇ ಅವರು ಬಂದಿದ್ದಾರೆ.

"ಯಾರಾದ್ರೂ ತೀರ್ಕೊಂಡ ಮೇಲೆ ಬಂದ್ರೆ ಏನ್ ಬಂತು? ಲಸಿಕೆ ಮೈಗೆ ಹಿಡಿಯೋಕೆ ಎರಡು ವಾರ ಬೇಕು. ಸಾವು ಎರಡು ವಾರ ಮುಂಚೆ ಹೇಳಿ ಕಳಿಸುತ್ತಾ?" ಎನ್ನುತ್ತಾರೆ.

ನ್ಯೂಜಿಲೆಂಡಿನ ಈ ಪೂರ್ವ ಕರಾವಳಿಯ ರಸ್ತೆಯಲ್ಲಿ ಒಂದು ಗಂಟೆ ಕಾರು ಓಡಿಸಿದರೂ ಸಿಗುವುದು ಅರಿಹಿಯಾ ಅವರ ಔಷಧಿ ಅಂಗಡಿಯೊಂದೇ. ವೈದ್ಯರು ವಾರಕ್ಕೆರಡು ದಿನ ಬರುತ್ತಾರೆ. ಗುಡ್ಡ ಕುಸಿದರೆ ಅದೂ ಇಲ್ಲ. ಫ್ಲೂ ಲಸಿಕೆ ಚುಚ್ಚುವ ತರಬೇತಿ ಅವರಿಗೆ ಮೊದಲೇ ಆಗಿತ್ತು. ಆದರೆ ಅನುಮತಿ ಸಿಕ್ಕಿದ್ದು ಅಂಗಡಿಯ ಹಿಂದಿನ ಚಿಕ್ಕ ಕೋಣೆಗೆ ಮಾತ್ರ. ಕಾರಿಲ್ಲದ, ಮೊಣಕಾಲು ಬಗ್ಗದ ಮುದುಕಿಯರು ಆ ಕೋಣೆಗೆ ಬರಲಿಲ್ಲ. ಸೂಜಿಯನ್ನು ಸಭಾಮನೆಗೆ ಒಯ್ಯಲು ಅರಿಹಿಯಾ ಒಂದಿಡೀ ವರ್ಷ ಅರ್ಜಿ ಬರೆದರು. ಅಲ್ಲಿಯ ನೆಲ ತೊಳೆಯಬಹುದಾದ ನೆಲವೇ ಎಂದು ಇಲಾಖೆಯವರು ಕೇಳಿದ್ದರಂತೆ. "ನಮ್ಮಜ್ಜಿ ಕಾಲದಿಂದ ತೊಳೀತಾನೇ ಇದೀವಿ ಅಂತ ಬರೆದೆ," ಎನ್ನುತ್ತಾರೆ. ಮುಖದಲ್ಲಿ ನಗುವಿಲ್ಲ.

ಅಜ್ಜಿಯರೇ ಮೊದಲು ಏಕೆ? ಇಲ್ಲಿ ಸತ್ತವರನ್ನು ಒಂಟಿಯಾಗಿ ಬಿಡುವುದಿಲ್ಲ. ಸಭಾಮನೆಯಲ್ಲಿ ಮೂರು ದಿನ ಶವಪೆಟ್ಟಿಗೆ ತೆರೆದಿರುತ್ತದೆ. ಅದರ ಪಕ್ಕದಲ್ಲೇ, ಮುಂದಿನ ಸಾಲಿನ ಹಾಸಿನ ಮೇಲೆ, ಮನೆತನದ ಹಿರಿಯ ಹೆಂಗಸರು ಕೂತಿರುತ್ತಾರೆ. ಬಸ್ಸುಗಟ್ಟಲೆ ಜನ ಬರುತ್ತಾರೆ. ಬಂದವರೆಲ್ಲ ಬಾಗಿ, ಅವರ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಒಂದು ಉಸಿರು ಹಂಚಿಕೊಳ್ಳುತ್ತಾರೆ. ಅದು ಹೊಂಗಿ. ಅದಿಲ್ಲದೆ ಹೇಳಿದ ಸಂತಾಪ ಸಂತಾಪವೇ ಅಲ್ಲ. ಚಳಿಗಾಲದಲ್ಲಿ ಆ ಬಸ್ಸಿನಲ್ಲಿ ಒಬ್ಬರಿಗಾದರೂ ಕೆಮ್ಮು ಇದ್ದೇ ಇರುತ್ತದೆ.

ಕಳೆದ ವರ್ಷ ಲಸಿಕೆಗಿಂತ ಮೊದಲು ಅದರ ಪ್ರಚಾರದ ಭಿತ್ತಿಪತ್ರ ಬಂತು: ಬಿಳಿ ಹಲ್ಲಿನ ವೃದ್ಧ ದಂಪತಿ, ಕೈಯಲ್ಲಿ ಟೆನಿಸ್ ಬ್ಯಾಟು. ನಗರದ ಅಂಗಡಿಗಳಲ್ಲಿ ಆಗಲೇ ಜನ ಸಾಲು ನಿಂತಿದ್ದರು. ಇಲ್ಲಿಗೆ ಬರಬೇಕಾದ ಪೆಟ್ಟಿಗೆಯನ್ನು ಸಾಗಣೆಯವನು ಪೆಟ್ರೋಲ್ ಬಂಕಿನ ಜಗಲಿಯಲ್ಲಿ, ಬಿಸಿಲಿನಲ್ಲಿ ಇಟ್ಟು ಹೋದ. ಬಿಸಿಯಾದ ಲಸಿಕೆ ಸತ್ತ ಲಸಿಕೆ. ಅರಿಹಿಯಾ ಅಷ್ಟನ್ನೂ ಎಸೆದರು. ಎರಡನೆಯ ಪೆಟ್ಟಿಗೆ ಬರುವಷ್ಟರಲ್ಲಿ ಇಲ್ಲಿಯ ಚಳಿಗಾಲದ ಮೊದಲ ತಿಂಗಳಾದ ಜೂನ್ ಮುಗಿಯುತ್ತಿತ್ತು, ಊರಲ್ಲಿ ಒಂದು ಸಾವಾಗಿತ್ತು, ಮುಂದಿನ ಸಾಲಿನಲ್ಲಿ ಮಾಕೆರೆ ಎಂಬ ಅಜ್ಜಿ ಮೂರು ದಿನ ಕೂತು ಎದ್ದಿದ್ದರು.

ಎರಡು ವಾರಕ್ಕೆ ಅದೇ ಸಭಾಮನೆಯಲ್ಲಿ, ತೆರೆದ ಶವಪೆಟ್ಟಿಗೆಯಲ್ಲಿ ಮಾಕೆರೆಯನ್ನೇ ಮಲಗಿಸಿದರು. ಅವರ ರಕ್ತದೊತ್ತಡದ ಮಾತ್ರೆಗಳ ಪೊಟ್ಟಣ ಅಂಗಡಿಯ ಕಪಾಟಿನಲ್ಲಿ ಬಹಳ ದಿನ ಹಾಗೇ ಇತ್ತು.

ಆ ಸಾವಿನ ನಂತರ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬ ಬಂದ. ಚಳಿಗಾಲ ಮುಗಿಯುವವರೆಗೆ ಮೂಗು ತಾಗಿಸುವುದನ್ನು ಬಿಟ್ಟು ಮೊಣಕೈ ತಾಗಿಸಬಹುದಲ್ಲ ಎಂದು ಸಲಹೆ ಕೊಟ್ಟ. ಕುರಿ ಸಾಕಣೆಯ ಹೋಹೆಪಾ ಮುದುಕ ಸೇರಿದ ಜನರ ಹಿಂದಿನಿಂದ ಕೂಗಿದನಂತೆ: "ಮೊಣಕೈ ಬಡಿದು ಅಳೋಕೆ ನಾವೇನು ಹುಂಜಗಳಾ?" ಎಲ್ಲರೂ ನಕ್ಕರು. ಅರಿಹಿಯಾ ನಗಲಿಲ್ಲ.

"ಜಗಲೀಲಿ ಪೆಟ್ಟಿಗೆ ಬಿಸಾಕಿ ಹೋದೋನಿಗೆ ಸಲಹೆ ಇಲ್ಲ. ತಡವಾಗಿ ಕಳಿಸಿದೋರಿಗೆ ಸಲಹೆ ಇಲ್ಲ. ಅಮ್ಮನ್ನ ಕಳ್ಕೊಂಡೋರಿಗೆ ಸಲಹೆ! ನಿಮ್ಮ ಲಾರಿ ಸರಿ ಮಾಡ್ಕೊಳ್ಳಿ, ನಮ್ಮ ಉಸಿರಿನ ತಂಟೆಗೆ ಬರ್ಬೇಡಿ ಅಂದೆ."

ಈ ಬಾರಿ ಅವರು ಸಾಗಣೆಯವನನ್ನು ನಂಬಲಿಲ್ಲ. ಕತ್ತಲಿರುವಾಗಲೇ ಹೊರಟು, ತಾವೇ ನಗರಕ್ಕೆ ಹೋಗಿ ಪೆಟ್ಟಿಗೆ ತಂದರು. ಆದರೆ ಇನ್ನೊಂದು ಗೋಡೆ ಹಾಗೇ ಇದೆ. ಸರ್ಕಾರದ ಉಚಿತ ಸೂಜಿ ಅರವತ್ತೈದು ತುಂಬಿದವರಿಗೆ. ಅದಕ್ಕೂ ಚಿಕ್ಕವರಿಗೆ ಬೇಕೆಂದರೆ ದೊಡ್ಡ ಕಾಯಿಲೆ ಇರಬೇಕು. ಸಭಾಮನೆಯ ಹಿಂದಿನ ದಿಬ್ಬದ ಸಮಾಧಿಗಳ ಮೇಲಿನ ವರ್ಷಗಳನ್ನು ಓದುತ್ತ ಹೋದರೆ ಅರವತ್ತೈದು ಮುಟ್ಟದವರೇ ಹೆಚ್ಚು.

ಹೊರಗೆ ಬೂಟು ಕಳಚುವ ಸದ್ದು. ಅಜ್ಜಿಯರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ಬಾಗಿ ಅರಿಹಿಯಾರಿಗೆ ಮೂಗು ತಾಗಿಸುತ್ತಾರೆ. ಎಲ್ಲರಿಗಿಂತ ಮುಂದೆ ಮಾಕೆರೆಯ ಅಕ್ಕ ಪಿರಿಹಿರಾ, ಎಂಬತ್ತನಾಲ್ಕು ವರ್ಷ. ಅವರ ತೋಳು ಹಿಡಿದುಕೊಂಡಿರುವವಳು ಮಾಕೆರೆಯ ಮಗಳು ಕೇಟಿಯಾ. ಅಮ್ಮನ ಜಾಗದಲ್ಲಿ ಈಗ ಅವಳೇ ಕೂರಬೇಕು. ಅವಳಿಗೆ ಅರವತ್ತೊಂದು. ಯಾವ ಕಾಯಿಲೆಯೂ ಇಲ್ಲ. ಇರುವುದು ಆ ಜಾಗ ಮಾತ್ರ.

"ತೋಳು ಕೊಡಿ ಅಜ್ಜಿ."

"ಕೊಡಲ್ಲ," ಪಿರಿಹಿರಾ ಸ್ವೆಟರಿನ ತೋಳನ್ನು ಇನ್ನೂ ಕೆಳಗೆ ಎಳೆದುಕೊಳ್ಳುತ್ತಾರೆ. "ನಂದು ಇವಳಿಗೆ ಚುಚ್ಚು."

"ಹಾಗೆ ಬದಲಾಯಿಸೋಕೆ ಬರಲ್ಲ. ಅದು ನಿಮ್ಮ ವಯಸ್ಸಿನೋರಿಗೇ ಮಾಡಿರೋದು."

"ನನ್ನ ವಯಸ್ಸು! ನಾನು ನಾಳೆ ಹೋದ್ರೆ ಜನ ತಿಂದುಂಡು ಹೋಗ್ತಾರೆ. ಇವಳು ಹೋದ್ರೆ ಆ ಹಾಸಿನ ಮೇಲೆ ಕೂರೋರು ಯಾರು? ನೀನಾ?"

ಕೇಟಿಯಾ ನಡುವೆ ಬಾಯಿ ಹಾಕುತ್ತಾಳೆ: "ನನ್ನ ಮೊಣಕಾಲು ನೋಡಿದ್ರೆ ಎಂಬತ್ತು ಅನ್ಸುತ್ತೆ ಕಣೇ. ಸರ್ಕಾರದೋರಿಗೆ ಮೊಣಕಾಲಿನ ಫೋಟೋ ಕಳ್ಸಣ." ಅಜ್ಜಿಯರು ಕಿಲಕಿಲ ನಗುತ್ತಾರೆ. ಬಾಗಿಲಲ್ಲಿ ನಿಂತ ಹೋಹೆಪಾ, "ಅಷ್ಟು ಕಷ್ಟ ಯಾಕೆ, ಸೂಜಿ ಇಲ್ಲಿ ಕೊಡಿ. ಸಾವಿರಾರು ಕುರಿಗೆ ಚುಚ್ಚಿದೀನಿ, ಒಂದೂ ವಯಸ್ಸು ಹೇಳ್ಲಿಲ್ಲ," ಎನ್ನುತ್ತಾನೆ.

ಪಿರಿಹಿರಾ ಮಾತ್ರ ನಗುವುದಿಲ್ಲ. ತಂಗಿಯನ್ನು ಕಳೆದುಕೊಂಡವರ ಹಟ ಅದು; ಚಹಾ ಕೊಟ್ಟು, ಪುಸಲಾಯಿಸಿ ಕರಗಿಸುವಂಥದ್ದಲ್ಲ.

ಅರಿಹಿಯಾ ಶೀತಪೆಟ್ಟಿಗೆಯ ತಳಕ್ಕೆ ಕೈ ಹಾಕಿ ಬೇರೆಯೇ ಪೊಟ್ಟಣವೊಂದನ್ನು ತೆಗೆಯುತ್ತಾರೆ. ಅದು ಕಿರಿಯರಿಗೆ ಕೊಡುವ ಲಸಿಕೆ, ಅಂಗಡಿ ತನ್ನ ಕೈಯಿಂದ ದುಡ್ಡು ಹಾಕಿ ಕೊಂಡದ್ದು. ಕೇಟಿಯಾಳ ಮುಖ ಬಿಗಿಯುತ್ತದೆ.

"ಬಿಟ್ಟಿ ನಂಗೆ ಬೇಡ ಅರಿಹಿಯಾ."

"ಬಿಟ್ಟಿ ಅಂದೋರ್ಯಾರು? ನೀನು ಸಮುದ್ರಕ್ಕಿಳಿದಾಗ ತಿನ್ನೋಕೆ ಮುಳ್ಳುಚಿಪ್ಪಿನ ಕೀನಾ ತಂದು ಹಾಕು. ದಪ್ಪಗಿರೋದು. ಹೋದ ಸಲ ಕೊಟ್ಟೆಯಲ್ಲ, ಬರೀ ಮುಳ್ಳು, ಒಳಗೇನಿರ್ಲಿಲ್ಲ, ಅಂಥದ್ದು ಬೇಡ."

"ಅಯ್ಯೋ, ಇವಳ ದುರಾಸೆ ನೋಡಿ!" ಎನ್ನುತ್ತ ಕೇಟಿಯಾ ತೋಳು ಚಾಚುತ್ತಾಳೆ. ಸೂಜಿ ಒಳಗೆ ಹೋಗಿ ಹೊರಗೆ ಬರುವುದನ್ನು ಪಿರಿಹಿರಾ ಕಣ್ಣು ಕಿರಿದಾಗಿಸಿ ನೋಡುತ್ತಾರೆ. ಆಮೇಲೆ ತಮ್ಮ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸುತ್ತಾರೆ.

ಚುಚ್ಚಿಸಿಕೊಂಡವರು ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು. ಬ್ರೆಡ್ಡು, ಬೆಣ್ಣೆ, ಚಹಾ, ಯಾರದೋ ಸೊಸೆಯ ದೂರು. ಅವರ ನಡುವೆ ಓಡಾಡುತ್ತ ಅರಿಹಿಯಾ ಒಬ್ಬೊಬ್ಬರ ಮುಖವನ್ನೂ ಗಮನಿಸುತ್ತಾರೆ. ಇದು ಕವಚವಲ್ಲ ಎಂದು ಅವರು ಯಾರಿಗೂ ಮುಚ್ಚಿಡುವುದಿಲ್ಲ. "ಹಾಕಿಸ್ಕೊಂಡೋರಿಗೂ ಜ್ವರ ಬರ್ಬೋದು. ಆದ್ರೆ ಹಾಸಿಗೆ ಹಿಡಿಸಿ ಬಿಟ್ಟು ಹೋಗೋದು ಬೇರೆ, ಹೊತ್ಕೊಂಡು ಹೋಗೋದು ಬೇರೆ."

ನಗರದ ದೊಡ್ಡ ಔಷಧಿ ಮಳಿಗೆಯೊಂದಕ್ಕೆ ಈ ವರ್ಷ ಲಸಿಕೆ ಸೇವೆಯ ಪ್ರಶಸ್ತಿ ಬಂದಿದೆ. ಆ ಸುದ್ದಿ ಅರಿಹಿಯಾರಿಗೂ ಗೊತ್ತು. ಪ್ರಶಸ್ತಿ ಬೇಡವೇ ಎಂದರೆ ಪೆಟ್ಟಿಗೆಯ ಪಟ್ಟಿ ಬಿಗಿಯುತ್ತ ತಲೆ ಅಲ್ಲಾಡಿಸುತ್ತಾರೆ. ಅಂಗಡಿ ತೆರೆಯುವ ಹೊತ್ತಾಗಿದೆ. ಅದಕ್ಕೂ ಮೊದಲು ಹಾಸಿಗೆ ಬಿಟ್ಟು ಏಳಲಾಗದ ಇಬ್ಬರ ಮನೆಗೆ ಹೋಗಬೇಕು.

"ನಂಗೊಂದೇ ಆಸೆ," ಎನ್ನುತ್ತಾರೆ ಕಾರಿನ ಬಾಗಿಲು ತೆರೆದು. "ಇನ್ನು ನಾಲ್ಕು ವರ್ಷಕ್ಕೆ ಕೇಟಿಯಾ ಇದೇ ಬೆಂಚಿನ ಮೇಲೆ ಕೂತು ಬೈಕೊಂಡು ತೋಳು ಕೊಡ್ಬೇಕು. ಆ ಸರ್ಕಾರದ ಸೂಜೀನ ಅವಳಿಗೆ ನಾನೇ ಚುಚ್ಬೇಕು."